ಮುಖ ಕೂರದ ಕೆಲಸ

ನಮ್ಮೂರಿನಲ್ಲಿ ಯಾರೇ ಸಂಬಳದ ಕೆಲಸಕ್ಕೆ ಸೇರಲಿ, ಎರಡು ಮೂರು ತಿಂಗಳಲ್ಲಿ ಅವರಿಗೆ ಆ ಕೆಲಸದ ಮುಖ ಕೂರುತ್ತದೆ. ಬ್ಯಾಂಕಿನವರಿಗೆಲ್ಲ ಒಂದು ಮುಖ, ಮೇಷ್ಟರುಗಳಿಗೆಲ್ಲ ಒಂದು ಮುಖ, ದರ್ಜಿಗಳಿಗೆಲ್ಲ ಒಂದು ಮುಖ. ಹೆಂಗಸರಿಗೂ ಅದೇ, ಜಡೆಯೊಂದೇ ವ್ಯತ್ಯಾಸ. ಇದರಿಂದ ನಮಗೆ ಅಂಥ ತೊಂದರೆಯೇನೂ ಆಗಿಲ್ಲ. ಸಂಜೆ ಕೆಲಸದಿಂದ ಬಂದವರು ಬಾಗಿಲು ತಟ್ಟಿದರೆ, ಒಳಗಿನವರು ಚಿಲಕ ತೆಗೆಯುವ ಮುನ್ನ "ಬೆಳಿಗ್ಗೆ ಏನ್ ತಿಂದ್ರಿ?" ಎಂದು ಕೇಳುತ್ತಾರೆ. ಅವಲಕ್ಕಿ ತಿಂದವರು ಅವಲಕ್ಕಿ ಎನ್ನಬೇಕು, ರೊಟ್ಟಿ ತಿಂದವರು ರೊಟ್ಟಿ ಎನ್ನಬೇಕು. ಉತ್ತರ ಸರಿಯಿದ್ದರೆ ಅವರು ಆ ಮನೆಯವರೇ. ಹಬ್ಬದ ದಿನ ಮಾತ್ರ ಎಲ್ಲರ ಮನೆಯಲ್ಲೂ ಒಂದೇ ಅಡುಗೆ, ಹಾಗಾಗಿ ಹಬ್ಬದ ದಿನ ನಮ್ಮೂರಿನ ಮರ್ಯಾದಸ್ಥ ಗಂಡಸರು ಹೊಸಿಲು ದಾಟುವುದಿಲ್ಲ.

ಮನೆಯಲ್ಲೇ ಇರುವ ಹೆಂಗಸರಿಗೆ ಯಾವ ಮುಖವೂ ಕೂರುವುದಿಲ್ಲ. ನಮ್ಮಮ್ಮ ಬೆಳಕು ಹರಿಯುವ ಮುಂಚೆ ಎದ್ದು ರಾತ್ರಿ ಪಾತ್ರೆ ಬೋರಲು ಹಾಕುವವರೆಗೆ ನಿಂತೇ ಇರುತ್ತಾಳೆ, ಆದರೂ ಹುಟ್ಟಿದಾಗ ಬಂದ ಮುಖವೇ ಇನ್ನೂ. "ಕೆಲಸ ಮಾಡಿದ್ರೆ ಮುಖ ಬದಲಾಗ್ತಿತ್ತಲ್ವೇ?" ಎಂದು ಊರ ದೊಡ್ಡ ಮನುಷ್ಯರು ನಗುತ್ತಾರೆ. ಅವರ ಬುದ್ಧಿ ಅಷ್ಟೇ ಉದ್ದ.

ಅಪ್ಪ ಗಂಗಾಧರಯ್ಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಆ ಮುಖವನ್ನು ನೀವು ನೋಡಬೇಕಿತ್ತು: ಹುಬ್ಬು ಗಂಟಿಕ್ಕಿಕೊಂಡು, ಬಾಯಿ ಅರ್ಧ ತೆರೆದುಕೊಂಡು, "ಆ ಬಸ್ಸು ಆಗ್ಲೇ ಹೋಯ್ತಲ್ರೀ" ಎನ್ನುವುದಕ್ಕೆ ಸದಾ ತಯಾರಾಗಿರುವ ಮುಖ. ಅರ್ಧ ಊರು ಆ ಮುಖಕ್ಕೆ ಬೈದಿದೆ. ನನಗೆ ಮಾತ್ರ ಅಪ್ಪ ಎಂದರೆ ಅದೇ. ನಾನು ಯಾರ ಹಾಗಿದ್ದೇನೆ ಎಂಬುದು ನಮ್ಮ ಮನೆಯಲ್ಲಿ ಬಗೆಹರಿಯದ ಪ್ರಶ್ನೆಯಾಗಿತ್ತು. ಅಮ್ಮನ ಕಡೆಯವರು "ನಮ್ಮ ಪೈಕಿ ಯಾರಿಗೂ ಈ ಗದ್ದ ಇಲ್ಲ ಬಿಡು" ಎಂದು ಕೈ ತೊಳೆದುಕೊಂಡಿದ್ದರು. ಅಪ್ಪನ ಕಡೆ ಹೇಳುವವರು ಯಾರೂ ಉಳಿದಿರಲಿಲ್ಲ, ಅಮ್ಮ ಮದುವೆಯಾಗಿ ಬರುವ ಹೊತ್ತಿಗೆ ಅಪ್ಪನಿಗೆ ಕಂಟ್ರೋಲರ್ ಮುಖ ಕೂತು ವರ್ಷವಾಗಿತ್ತು.

ಇನ್ನು ನಮ್ಮ ಬಿಸಿನೆಸ್ ಸ್ಕೂಲು. ಊರ ಹೊರಗಿನ ಗುಡ್ಡದ ಮೇಲೆ, ಗಾಜಿನ ಕಟ್ಟಡ. ಗೇಟು ದಾಟಿದ ಕೂಡಲೇ ಆಳೆತ್ತರದ ಮೂರು ಮುಖಗಳ ಚಿತ್ರ: ಮಾರ್ಕೆಟಿಂಗ್, ಫೈನಾನ್ಸ್, ಎಚ್.ಆರ್. ಮಾರ್ಕೆಟಿಂಗಿನದು ಹಲ್ಲು ಜಾಸ್ತಿ. ಫೈನಾನ್ಸಿನದು ತುಟಿ ಕಮ್ಮಿ. ಎಚ್.ಆರ್.ನದು, ಯಾರೋ ಸತ್ತ ಮನೆಗೆ ಬಂದು ಕಾಫಿಗಾಗಿ ಕಾಯುತ್ತಿರುವವರ ಹಾಗೆ ಒಂದು ಕಡೆಗೆ ವಾಲಿದ್ದು. ಕೆಳಗೆ ದಪ್ಪಕ್ಷರದಲ್ಲಿ, "ನಿಮ್ಮ ನಾಳೆಯನ್ನು ಆರಿಸಿಕೊಳ್ಳಿ." ಸೇರಿದವರೆಲ್ಲ ಆರಿಸಿಕೊಂಡಿದ್ದೂ ಹಾಗೆಯೇ, ಸೀರೆ ಅಂಗಡಿಯಲ್ಲಿ ಸೆರಗು ಹೆಗಲ ಮೇಲೆ ಹಾಕಿ ನೋಡುವ ಹಾಗೆ. ನನ್ನ ಕೋಣೆಯ ಪ್ರಫುಲ್ಲಾ ಎಚ್.ಆರ್. ತೆಗೆದುಕೊಂಡಳು. ಯಾಕೆ ಎಂದರೆ, "ಅದಕ್ಕೆ ಕೆನ್ನೇಲಿ ಗುಳಿ ಬೀಳತ್ತೆ ಕಣೇ." ಆ ಕೆಲಸದಲ್ಲಿ ಮಾಡುವುದೇನು ಎಂದು ಕೇಳಿದೆ. "ಅದೆಲ್ಲ ಸೇರಿದ ಮೇಲೆ ಹೇಳಿಕೊಡ್ತಾರೆ" ಎಂದಳು. ಎರಡು ವರ್ಷದ ಕೋರ್ಸಿನಲ್ಲಿ ಕೆಲಸದ ಬಗ್ಗೆ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು.

ನಮ್ಮ ಪ್ಲೇಸ್‌ಮೆಂಟ್ ಅಧಿಕಾರಿ ವಾಮನಮೂರ್ತಿ ಎಂಬುವವರು. ಅವರು ಸಿಕ್ಕಸಿಕ್ಕಲ್ಲಿ ಕೆಲಸ ಮಾಡಿ, ಎಲ್ಲಿಯೂ ಮುಖ ಪೂರ್ತಿ ಕೂರುವವರೆಗೆ ನಿಲ್ಲದೆ ಬಂದವರು. ಹಾಗಾಗಿ ಒಂದು ಹುಬ್ಬು ಇನ್ಶೂರೆನ್ಸಿನದು, ಮೂಗು ಸಕ್ಕರೆ ಕಾರ್ಖಾನೆಯದು, ಗದ್ದ ಯಾವುದೋ ಚಿಟ್ ಫಂಡಿನದು. ಜೀವನದಲ್ಲಿ ಯಾವ ದಾರಿ ಹಿಡಿಯಬೇಕೆಂದು ನಮಗೆ ತೋರಿಸುವ ಹೊಣೆ ಇವರದು. ವಾರಕ್ಕೊಮ್ಮೆ ನಮ್ಮನ್ನು ಕನ್ನಡಿ ಕೋಣೆಯಲ್ಲಿ ಸಾಲಾಗಿ ಕೂರಿಸಿ, ಬೇಕಾದ ಮುಖವನ್ನು ಮನಸ್ಸಿನಲ್ಲಿ ನೆನೆದು ತುಟಿ ಬಿಗಿಹಿಡಿಯುವುದನ್ನು ಕಲಿಸುತ್ತಿದ್ದರು. ಇದಕ್ಕೆ ಕ್ರೆಡಿಟ್ ಬೇರೆ. ನನ್ನ ಮೂಳೆಯ ಕಟ್ಟು ಫೈನಾನ್ಸಿಗೆ ಹೇಳಿ ಮಾಡಿಸಿದಂತಿದೆ ಎಂದು ಅವರೇ ತೀರ್ಮಾನಿಸಿದರು. ಕೇಳಿದ ನನಗೂ ಹೆಮ್ಮೆಯಾಯಿತು, ಫೈನಾನ್ಸಿನವರನ್ನು ಕಂಡರೆ ಊರಿನಲ್ಲಿ ಎದ್ದು ನಿಲ್ಲುತ್ತಾರೆ.

ಅದೇ ವರ್ಷ ಹಾಸ್ಟೆಲಿನ ಮೆಸ್ ಸೆಕ್ರೆಟರಿಯ ಕೆಲಸವೂ ನನ್ನ ತಲೆಗೆ ಬಂತು. ಬೇರೆ ಯಾರಿಗೂ ಬೇಡವಾಗಿತ್ತು. ಸಂಬಳವಿಲ್ಲ, ಮುಖವಿಲ್ಲ, ಬೈಗುಳ ಮಾತ್ರ ಧಾರಾಳ. ಮೊದಲ ವಾರ ಉಪ್ಪಿಟ್ಟು ಮಾಡಿಸಿ, ಇಡೀ ಹಾಸ್ಟೆಲಿನಿಂದ ಮಂಗಳಾರತಿ ಎತ್ತಿಸಿಕೊಂಡೆ. ಎರಡನೆಯ ವಾರ ಸುಮ್ಮನೆ ಬಾಗಿಲಲ್ಲಿ ನಿಂತು, ಯಾರು ಏನನ್ನು ತಟ್ಟೆಯಲ್ಲಿ ಬಿಟ್ಟು ಹೋಗುತ್ತಾರೆ ಎಂದು ನೋಡಿದೆ. ಪರೀಕ್ಷೆಯ ದಿನ ಇವರು ದುಪ್ಪಟ್ಟು ತಿನ್ನುತ್ತಾರೆ, ಫಲಿತಾಂಶದ ದಿನ ಮುಟ್ಟುವುದಿಲ್ಲ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗು ಬರಬೇಕಾದರೆ ಬಾಯ್ಲರಿನ ಪಕ್ಕದಲ್ಲಿಡಬೇಕು. ಬೆಳಿಗ್ಗೆ ತರಕಾರಿ ಮಾರುಕಟ್ಟೆಗೆ ನಾನೇ ಹೋಗುತ್ತಿದ್ದೆ, ಬದನೆಕಾಯಿಯವಳ ಹತ್ತಿರ ಜಗಳವಾಡುತ್ತಿದ್ದೆ, ಸಾರಿನ ಪುಡಿ ನಾನೇ ನಿಂತು ಹುರಿಸುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಪೇಟೆಯಲ್ಲಿ ತಿನ್ನುತ್ತಿದ್ದವರೆಲ್ಲ ಮೆಸ್ಸಿಗೆ ವಾಪಸು ಬಂದಿದ್ದರು. ಆ ದಿನಗಳಲ್ಲಿ ನಾನು ಎಷ್ಟೋ ಬೆಳಿಗ್ಗೆ ಕನ್ನಡಿ ನೋಡುವುದನ್ನೇ ಮರೆಯುತ್ತಿದ್ದೆ. ಸಂತೋಷವಾಗಿದ್ದೆ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಬಯೋಡೇಟಾದಲ್ಲಿ ಅದನ್ನು ಬರೆದುಕೊಂಡು ಹೋದಾಗ ವಾಮನಮೂರ್ತಿಯವರು ಹೊಡೆದುಹಾಕಿದರು. "ಏನಮ್ಮಾ ಶಾಂಭವಿ, ಇದೆಲ್ಲ ಮುಖ ಬರೋ ಕೆಲಸವಾ?"

ಮೊದಲ ವರ್ಷ ಮುಗಿದ ಮೇಲೆ ಬೇಸಿಗೆ ತರಬೇತಿ. ಊರಿನ ಅತಿ ದೊಡ್ಡ ಫೈನಾನ್ಸ್ ಕಂಪನಿಗೆ ನನ್ನನ್ನು ಕಳಿಸಿದರು. ಅಲ್ಲಿ ಒಂದೇ ಪಟ್ಟಿಯನ್ನು ಐದು ಬಣ್ಣದಲ್ಲಿ ಮಾಡಿ, ಐದು ಜನಕ್ಕೆ ತೋರಿಸುವುದು ನನ್ನ ಕೆಲಸ. ಐವರಿಗೂ ಒಂದೇ ಮುಖವಾದ್ದರಿಂದ ಯಾರಿಗೆ ತೋರಿಸಿದ್ದೇನೆ, ಯಾರಿಗೆ ಇಲ್ಲ ಎಂದು ತಿಳಿಯುತ್ತಿರಲಿಲ್ಲ. ಒಬ್ಬರಿಗೇ ಐದು ಸಲ ತೋರಿಸಿದರೂ ಐದು ಸಲವೂ "ಗುಡ್" ಎನ್ನುತ್ತಿದ್ದರು. ತರಬೇತಿಗೂ ಸ್ವಲ್ಪ ಸಂಬಳವಿತ್ತು, ಮುಖ ಶುರುವಾಯಿತು. ಮೊದಲು ತುಟಿ ತೆಳ್ಳಗಾಯಿತು, ಆಮೇಲೆ ಹಣೆಯಲ್ಲಿ ಎರಡು ಗೆರೆ. ಪ್ರಫುಲ್ಲಾ ಹೊಟ್ಟೆ ಉರಿದುಕೊಂಡಳು. ನಾನು ಬೀಗಿಕೊಂಡು ಭಾನುವಾರ ಮನೆಗೆ ಹೋಗಿ ಬಾಗಿಲು ತಟ್ಟಿದೆ. ಅಮ್ಮ ಕಿಟಕಿಯಿಂದ ಇಣುಕಿದಳು, ಚಿಲಕ ತೆಗೆಯಲಿಲ್ಲ.

"ಬೆಳಿಗ್ಗೆ ಏನ್ ತಿಂದ್ರಿ?" ಎಂದಳು. ಹುಟ್ಟಿದಾಗಿನಿಂದ ಅಮ್ಮ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ, ಬಹುವಚನದಲ್ಲಂತೂ ಮಾತಾಡಿಸಿಯೇ ಇರಲಿಲ್ಲ. ನಾನು ಆ ದಿನ ಹಾಸ್ಟೆಲಿನಲ್ಲಿ ತಿಂದು ಬಂದಿದ್ದೆ, ಅವಳಿಗೆ ಅದು ಗೊತ್ತಿರಲು ಸಾಧ್ಯವೂ ಇರಲಿಲ್ಲ. "ಅಮ್ಮಾ, ನಾನು ಕಣೇ" ಎಂದೆ. ಧ್ವನಿ ಕೇಳಿ ತೆಗೆದಳು, ನಕ್ಕಳು, ತಲೆಗೆ ಎಣ್ಣೆ ಹಚ್ಚಿದಳು. ಎಲ್ಲ ಸರಿಯೇ. ಆದರೆ ಹೊಸಿಲ ಹೊರಗೆ ನಿಂತಿದ್ದ ಆ ಒಂದು ನಿಮಿಷ ನನಗೆ ಹಿಡಿಸಲಿಲ್ಲ. ತರಬೇತಿ ಮುಗಿದ ವಾರದಲ್ಲಿ ತುಟಿ ಮೊದಲಿನಂತಾಯಿತು. ಪ್ರಫುಲ್ಲಾ ಅಯ್ಯೋ ಪಾಪ ಎಂದಳು.

ಎರಡನೆಯ ವರ್ಷದ ಮಧ್ಯದಲ್ಲಿ ಅಪ್ಪನಿಗೆ ನಿವೃತ್ತಿಯಾಯಿತು. ನಿವೃತ್ತಿಯಾದವರ ಕೆಲಸದ ಮುಖ ಊತ ಇಳಿದಂತೆ ನಾಲ್ಕೈದು ದಿನದಲ್ಲಿ ಇಳಿದು, ಒಳಗಿನದು ಮೇಲೆ ಬರುತ್ತದೆ. ನಮ್ಮೂರಿನವರಿಗೆ ಇದರಷ್ಟು ಹೆದರಿಕೆ ಇನ್ನಾವುದಕ್ಕೂ ಇಲ್ಲ. ಮುಪ್ಪಿನಲ್ಲಿ ಅಪರಿಚಿತರಾಗಿ ಓಡಾಡುವುದು ಯಾರಿಗೆ ಬೇಕು? ಅದಕ್ಕೇ ಇಲ್ಲಿನ ಮುದುಕರು ಹಾರ ಹಾಕಿಸಿಕೊಂಡ ಮಾರನೆಯ ದಿನವೇ ಹಳೆಯ ಮುಖ ಉಳಿಸುವಂಥ ಇನ್ನೊಂದು ಕೆಲಸಕ್ಕೆ ಓಡುತ್ತಾರೆ. ಅಪ್ಪ ಓಡಲಿಲ್ಲ. ಸ್ವಲ್ಪ ದಿನ ಕಾಲು ಚಾಚಿ ಕೂರುತ್ತೇನೆ ಎಂದರು. ನಾನು ರಜೆ ಹಾಕಿ ಮನೆಗೆ ಬಂದಿದ್ದೆ. ಐದನೆಯ ದಿನ ಬೆಳಿಗ್ಗೆ ಅಪ್ಪ ಹಿತ್ತಿಲಿನಲ್ಲಿ ಕನ್ನಡಿ ತೂಗುಹಾಕಿ ಗಡ್ಡ ಹೆರೆಯುತ್ತಿದ್ದರು. ನಾನು ಟವೆಲು ಕೊಡಲು ಹೋದವಳು ಕನ್ನಡಿಯಲ್ಲಿ ನೋಡಿದೆ. ಅದರಲ್ಲಿ ನನ್ನ ಮುಖ ಎರಡು ಇದ್ದವು. ಒಂದಕ್ಕೆ ಸೋಪಿನ ನೊರೆ ಮೆತ್ತಿತ್ತು.

ಅಪ್ಪ ಬ್ಲೇಡು ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತರು. "ಅಯ್ಯೋ, ಇದು ನಿನ್ನದಲ್ವೇನೇ ಮಗಾ?" ಎಂದರು.

"ಅಲ್ಲಪ್ಪ, ನಿಮ್ಮದೇ. ನಾನು ನಿಮ್ಮಿಂದ ತಗೊಂಡಿದ್ದು."

ಅದೇ ಗದ್ದ, ಅದೇ ಅಗಲ ಕಿವಿ, ನಗುವಾಗ ಎಡಗಣ್ಣು ಸ್ವಲ್ಪ ಮುಚ್ಚುವುದೂ ಅದೇ. ಅಪ್ಪನಿಗೆ ಅದರಲ್ಲಿ ನಗುವುದೇ ಮರೆತುಹೋಗಿತ್ತು. ನನ್ನನ್ನು ಎದುರಿಗೆ ಕೂರಿಸಿಕೊಂಡು, "ನೀನು ನಗು, ನೋಡ್ಕೋತೀನಿ" ಎಂದು ಅಭ್ಯಾಸ ಮಾಡಿದರು. ಎರಡು ದಿನ ಹೊಸ ಅಂಗಿ ಹಾಕಿಕೊಂಡವರ ಹಾಗೆ ಬೀದಿಯಲ್ಲೆಲ್ಲ ಸುತ್ತಿ ಬಂದರು. ಯಾರೂ ಗುರುತು ಹಿಡಿಯಲಿಲ್ಲ. ಗುರುತು ಹಿಡಿಯದಿದ್ದರೇನಂತೆ, ಯಾರೂ ಬೈಯಲೂ ಇಲ್ಲ ಎಂದು ಖುಷಿಪಟ್ಟರು. ನನಗೂ ಎಂಥದೋ ಹಿಗ್ಗು. ಇಷ್ಟು ವರ್ಷ ಯಾರದೋ ಎಂದುಕೊಂಡು ಹೊತ್ತು ತಿರುಗಿದ ಮುಖಕ್ಕೆ ಈಗ ಒಬ್ಬರು ಯಜಮಾನರು ಸಿಕ್ಕಿದ್ದರು.

ಅಮ್ಮನಿಗೆ ಮಾತ್ರ ಕಷ್ಟವಾಯಿತು. ಅಪ್ಪ ಅಡುಗೆಮನೆಗೆ ಬಂದರೆ ಸೆರಗು ಹೊದ್ದುಕೊಳ್ಳುತ್ತಿದ್ದಳು. ನನ್ನನ್ನು ಕರೆದು "ಅವರಿಗೆ ಕಾಫಿ ಕೊಡು" ಎನ್ನುತ್ತಿದ್ದಳು. ಕೊಡುವುದು ನೆಂಟರಿಗಾಗಿ ಎತ್ತಿಟ್ಟ ಲೋಟದಲ್ಲಿ. ಅವರ ತಟ್ಟೆಗೆ ಬಡಿಸುವಾಗ ತಲೆ ತಗ್ಗಿಸುತ್ತಿದ್ದಳು, "ಸಂಕೋಚ ಮಾಡ್ಕೋಬೇಡಿ" ಎಂದು ಅಭ್ಯಾಸಬಲದಿಂದ ಬಾಯಿತಪ್ಪಿ ಒಮ್ಮೆ ಅಂದೂಬಿಟ್ಟಳು. ಹಾಸಿಗೆಯನ್ನು ದೇವರ ಕೋಣೆಗೆ ಎಳೆದುಕೊಂಡಳು. ನಾನು ಸಿಟ್ಟಾದೆ. "ಅಮ್ಮಾ, ಅವರೇ ಕಣೇ, ಬೇರೆ ಯಾರೂ ಅಲ್ಲ" ಎಂದೆ.

"ನಂಗೂ ಗೊತ್ತು ಕಣೇ. ಆದ್ರೆ ಯಾರೋ ಪರಗಂಡಸು ಮನೇಲಿ ಓಡಾಡಿದ ಹಾಗಾಗತ್ತೆ. ನಾನೇನ್ ಮಾಡ್ಲಿ?" ಎಂದು ಕಣ್ಣೊರೆಸಿಕೊಂಡಳು.

ಎರಡು ವಾರ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಅಪ್ಪ ಹಳೆಯ ಖಾಕಿ ಪ್ಯಾಂಟು ಹಾಕಿಕೊಂಡು ಜಗುಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಪೇಟೆಯಲ್ಲಿ ಖಾಸಗಿ ಬಸ್ಸಿನ ಏಜೆನ್ಸಿಯೊಂದಿತ್ತು, ಅಲ್ಲಿ ಬಸ್ಸು ಕೂಗಿ ಹೊರಡಿಸುವುದಕ್ಕೆ ಜನ ಬೇಕಾಗಿತ್ತು. ಅದೇ ಕೆಲಸ, ಅದೇ ಮುಖ. ನನಗೆ ಅರ್ಥವಾಗಿ ಜಗುಲಿಗೆ ಓಡಿ ಅಡ್ಡ ನಿಂತೆ.

"ಹೋಗ್ಬೇಡಿ ಅಪ್ಪ. ಅದು ನಿಮ್ಮ ಮುಖ. ಯಾಕೆ ಕಳ್ಕೋತೀರಿ?"

"ನನ್ನದು ಅಂತ ನಂಗೊತ್ತು ಮಗಾ. ಅವಳಿಗೆ ಗೊತ್ತಿಲ್ವಲ್ಲ. ಪಾಪ, ಇಷ್ಟು ವರ್ಷ ಅವಳು ಬಾಗಿಲು ತೆಗೆದಿದ್ದು ಆ ಮುಖಕ್ಕೇ ತಾನೇ." ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡು ಎದ್ದರು. ಹೊರಡುವ ಮುನ್ನ ನನ್ನ ಗದ್ದ ಹಿಡಿದು, ಎಡಗಣ್ಣು ಮುಚ್ಚಿ ನಕ್ಕರು. ಅಷ್ಟರಲ್ಲಿ ಚೆನ್ನಾಗಿ ರೂಢಿಯಾಗಿತ್ತು. "ನಿನ್ನ ಹತ್ರ ಒಂದಿದೆಯಲ್ಲ, ಬಿಡು" ಎಂದರು.

ಅವರು ಹೇಳಿದ್ದು ಅಷ್ಟೇ. ಇಟ್ಟುಕೋ ಎಂದೇನೂ ಅನ್ನಲಿಲ್ಲ. ಮಗಳು ಫೈನಾನ್ಸ್ ಕಂಪನಿಗೆ ಸೇರುತ್ತಾಳೆ ಎಂದು ಬಸ್ ನಿಲ್ದಾಣದಲ್ಲೆಲ್ಲ ಹೇಳಿಕೊಂಡು ಬಂದ ಮನುಷ್ಯ. ಸಂಕ್ರಾಂತಿಗೆ ನಾನು ಮನೆಗೆ ಬಂದಾಗ ಬಾಗಿಲು ತೆಗೆದದ್ದು ಹಳೆಯ ಹುಬ್ಬುಗಂಟಿನ ಕಂಟ್ರೋಲರು. ಅಮ್ಮ ಒಳಗೆ ಹಾಡು ಗುನುಗುತ್ತಾ ಎಳ್ಳು ಹುರಿಯುತ್ತಿದ್ದಳು.

ಸಂಕ್ರಾಂತಿ ಕಳೆದ ವಾರವೇ ಪ್ಲೇಸ್‌ಮೆಂಟ್. ಬೇಸಿಗೆಯಲ್ಲಿ ನಾನು ತರಬೇತಿಗೆ ಹೋಗಿದ್ದ ಅದೇ ಕಂಪನಿ ನನ್ನನ್ನು ಕೇಳಿಕೊಂಡು ಬಂದಿತ್ತು. ವಾಮನಮೂರ್ತಿಯವರು ಇನ್ಶೂರೆನ್ಸ್ ಹುಬ್ಬನ್ನು ಎತ್ತಿ ಎತ್ತಿ ಸಂಭ್ರಮಪಟ್ಟರು. ಹಿಂದಿನ ರಾತ್ರಿಯೆಲ್ಲ ನನಗೆ ಎರಡು ಮನಸ್ಸು. ಬೇಡ ಎಂದರೆ ಇನ್ನೇನು ಮಾಡುತ್ತೇನೆ? ಯಾವ ಕೆಲಸಕ್ಕೆ ಹೋದರೂ ಒಂದು ಮುಖ ಕಾದುಕೊಂಡಿದೆ. ಮನೆಯಲ್ಲೇ ಕೂತರೆ ಮುಖ ಉಳಿದೀತು, ನಾನು ಉಳಿಯಲಾರೆ. ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟುಕೊಂಡು ಹೋದೆ. ಒಳಗೆ ಮೂವರು ಕೂತಿದ್ದರು, ಮೂವರಿಗೂ ಒಂದೇ ಮುಖ. ನಡುವಿನವರು ಪದ್ಧತಿಯ ಪ್ರಶ್ನೆಗಳನ್ನು ಮುಗಿಸಿ, ಕೊನೆಯದಾಗಿ ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದರು: "ಈಗಿರೋ ಮುಖ ಬಿಡೋದಕ್ಕೆ ನಿಮ್ಮದೇನೂ ಅಭ್ಯಂತರ ಇಲ್ಲ ತಾನೇ?"

ಎಲ್ಲರೂ ಇಲ್ಲ ಎನ್ನುತ್ತಾರೆ. ಪ್ರಫುಲ್ಲಾ ಪ್ರಶ್ನೆ ಮುಗಿಯುವ ಮೊದಲೇ ಇಲ್ಲ ಎಂದಿದ್ದಳಂತೆ. ನಾನು ಬಾಯಿ ತೆರೆದೆ, ಇಲ್ಲ ಎಂಬುದು ಬರಲಿಲ್ಲ.

"ಇದು ನಮ್ಮಪ್ಪನದು ಸಾರ್" ಎಂದೆ. "ಅವರ ಹತ್ರ ಈಗ ಇಲ್ಲ. ಊರಿನಲ್ಲಿ ಇರೋದು ಇದೊಂದೇ."

ಮೂವರೂ ಒಂದೇ ನಗು ನಕ್ಕರು, ತೆಳ್ಳಗೆ. ನಾನು ಎದ್ದು ನಮಸ್ಕಾರ ಹೇಳಿ ಹೊರಗೆ ಬಂದೆ.

ಅರ್ಧ ಗಂಟೆಯಲ್ಲಿ ನಿರ್ದೇಶಕ ಅಚ್ಯುತರಾಯರಿಂದ ಕರೆ ಬಂತು. ನಿರ್ದೇಶಕರುಗಳ ಮುಖ ಹೇಗಿರುತ್ತದೆಂದರೆ, ಸಿಟ್ಟಾದರೂ ಸನ್ಮಾನ ಸ್ವೀಕರಿಸುತ್ತಿರುವಂತೆಯೇ ಕಾಣುತ್ತದೆ. "ಈ ಶಾಲೆ ಶುರುವಾದಾಗಿನಿಂದ ಯಾರೂ ಹೀಗೆ ಮಾಡಿಲ್ಲ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ನಮ್ಮದು. ಹಾಳು ಮಾಡಿದೆಯಲ್ಲಮ್ಮಾ! ಆ ಮುಖ ಇಟ್ಕೊಂಡು ಏನ್ ಮಾಡ್ತೀಯ?"

"ದಿನಾ ತೊಳೀತೀನಿ ಸಾರ್" ಎಂದೆ.

ಮೆಸ್ಸಿನ ಕಂಟ್ರಾಕ್ಟರು ಬಿಟ್ಟು ಹೋಗುತ್ತಿರುವ ಸುದ್ದಿ ನನಗೆ ಗೊತ್ತಿತ್ತು. ಅವನಿಗೆ ಕೊಡುವುದನ್ನೇ ನನಗೆ ಕೊಡಿ, ಹಾಸ್ಟೆಲಿನ ಮೆಸ್ ನಾನು ನಡೆಸುತ್ತೇನೆ ಎಂದೆ. ಎರಡು ವರ್ಷದಿಂದ ನಡೆಸುತ್ತಿರುವವಳು ನಾನೇ, ಅವನು ಗಲ್ಲಾದ ಹಿಂದೆ ನಿದ್ದೆ ಮಾಡುತ್ತಿದ್ದ, ಅಷ್ಟೇ. ಅಚ್ಯುತರಾಯರು ಕಿಟಕಿಯ ಹೊರಗೆ ನೋಡಿದರು. ಅವರೂ ದಿನಾ ಮಧ್ಯಾಹ್ನ ಅಲ್ಲಿಂದಲೇ ಸಾರು ತರಿಸಿಕೊಳ್ಳುತ್ತಿದ್ದರು. ಕೊನೆಗೆ ಒಪ್ಪಿದರು, ಒಂದೇ ಷರತ್ತು: ಪ್ಲೇಸ್‌ಮೆಂಟ್ ಬೋರ್ಡಿನಲ್ಲಿ ನನ್ನ ಹೆಸರು ಬರಕೂಡದು. ಆ ಬೋರ್ಡನ್ನು ನೋಡಿದವರಿಗೆ ನನಗಾದ ನಷ್ಟ ಎಷ್ಟೆಂದು ತಿಳಿಯುತ್ತದೆ. ಪ್ರೆಸ್ಸಿನವನು ಪ್ರತಿ ವರ್ಷವೂ ಅವೇ ಮೂರು ಫೋಟೋಗಳನ್ನು ಮತ್ತೆ ಮತ್ತೆ ಅಂಟಿಸಿ, ಕೆಳಗೆ ಹೆಸರು ಮಾತ್ರ ಬದಲಾಯಿಸುತ್ತಾನೆ.

ಧೈರ್ಯವಾಗಿ ಕೇಳಿಬಂದೆನೇ ಹೊರತು ಒಳಗೆ ಪುಕುಪುಕು. ನಮ್ಮೂರಿನ ಅಡುಗೆ ಕಂಟ್ರಾಕ್ಟರುಗಳಿಗೂ ಮುಖವಿದೆ: ಹೊಗೆಗೆ ಅರ್ಧ ಮುಚ್ಚಿದ ಕಣ್ಣು, ಕೆಂಪು ಊದಿದ ಕೆನ್ನೆ. ಸಂಬಳವಿಲ್ಲದೆ ಮಾಡಿದ್ದು ಬೇರೆ, ದುಡ್ಡು ಮುಟ್ಟಿದ ಮೇಲೆ ಏನಾಗುತ್ತದೋ ಯಾರು ಬಲ್ಲರು? ಕೋರ್ಸು ಮುಗಿದು ಮೆಸ್ ಕೈಗೆ ಬಂದ ಮೊದಲ ತಿಂಗಳು ಪ್ರತಿ ಬೆಳಿಗ್ಗೆ ತಟ್ಟೆಯ ಹಿಂಭಾಗದಲ್ಲಿ ಕೆನ್ನೆ ನೋಡಿಕೊಳ್ಳುತ್ತಿದ್ದೆ. ಎರಡನೆಯ ತಿಂಗಳು ನೆನಪಾದಾಗ ನೋಡಿಕೊಂಡೆ. ಮೂರನೆಯದರಲ್ಲಿ ಹೊಸ ವಿದ್ಯಾರ್ಥಿಗಳು ಬಂದು ಸೇರಿದರು, ನೋಡಿಕೊಳ್ಳಲು ಪುರಸೊತ್ತೇ ಇರಲಿಲ್ಲ. ಮುಖ ಕೂರಲಿಲ್ಲ. ಈಗ ಎರಡು ಮಳೆಗಾಲ ಕಳೆದಿದೆ, ಇನ್ನೂ ಕೂತಿಲ್ಲ. ಸಾವಿರದಲ್ಲಿ ಒಬ್ಬರಿಗೆ ಹೀಗಾಗುತ್ತದಂತೆ. ಊರಿನವರು ಮೂಗು ಮುರಿಯುತ್ತಾರೆ, "ಅವಳು ಮಾಡೋದು ಕೆಲಸವೇ ಅಲ್ಲ ಬಿಡಿ" ಎನ್ನುತ್ತಾರೆ. ಹಾಗೆನ್ನುವವರಿಗೆ ನಾನು ಎರಡನೆಯ ಸಲ ಸಾರು ಬಡಿಸುವುದಿಲ್ಲ. ಪ್ರಫುಲ್ಲಾ ಕಳೆದ ತಿಂಗಳು ಬಂದಿದ್ದಳು, ಅಥವಾ ಬಂದವಳು ಪ್ರಫುಲ್ಲಾ ಎಂದುಕೊಂಡಿದ್ದೇನೆ. ಗುಳಿಯಂತೂ ಬೀಳುತ್ತಿತ್ತು.

ಇತ್ತೀಚೆಗೆ ಅಮ್ಮ ಮೆಸ್ಸಿಗೆ ಬರಲು ಶುರುಮಾಡಿದ್ದಾಳೆ. ಮೊದಲ ಸಲ ಉಪ್ಪಿನಕಾಯಿ ಜಾಡಿ ತಂದಳು. ಮುಂದಿನ ವಾರ ಯಾವ ನೆವವೂ ಇಲ್ಲದೆ ಬಂದಳು. ಊರ ಆ ತುದಿಯಿಂದ ಗುಡ್ಡಕ್ಕೆ ಎರಡು ಬಸ್ಸು ಬದಲಾಯಿಸಬೇಕು, ಮಂಡಿ ನೋವು ಬೇರೆ. ಊಟದ ಹೊತ್ತಿಗೇ ಬಂದು ಮೂಲೆಯ ಬೆಂಚಿನಲ್ಲಿ ಕೂತು, ಎರಡು ತುತ್ತು ತಿಂದ ಶಾಸ್ತ್ರ ಮಾಡಿ, ನನ್ನನ್ನೇ ನೋಡುತ್ತಿರುತ್ತಾಳೆ. ನನ್ನ ಚಿಂತೆ ಇವಳಿಗೆ ಹತ್ತಿಕೊಂಡಿದೆ, ಮುಖ ಕೂರಲಿಲ್ಲವೆಂದು ಹರಕೆ ಹೊತ್ತಿರಬೇಕು ಎಂದುಕೊಂಡು ನನಗೆ ರೇಗಿತು. ಮೊನ್ನೆ ಕೇಳಿಯೇಬಿಟ್ಟೆ.

"ಹೀಗೆ ಬಂದು ಬಂದು ನೋಡೋಕೆ ನಾನೇನು ಕಾಯಿಲೆ ಬಿದ್ದಿದ್ದೀನೇನಮ್ಮ? ಚೆನ್ನಾಗೇ ಇದ್ದೀನಲ್ಲ. ಅಪ್ಪ ಊಟಕ್ಕೆ ಮನೆಗೆ ಬರೋ ಹೊತ್ತು, ಹೋಗು."

ಅಮ್ಮ ತಟ್ಟೆಯ ಅಂಚಿನಲ್ಲಿ ಅನ್ನದ ಅಗುಳುಗಳನ್ನು ಒಂದು ಕಡೆಗೆ ಸರಿಸಿದಳು.

"ನಿನ್ನ ನೋಡೋಕೆ ಬರ್ತಿಲ್ಲ ಕಣೇ" ಎಂದಳು. "ಆವಾಗ ಎರಡು ವಾರ ಇತ್ತಲ್ಲ ಅವರಿಗೆ, ಆ ಮುಖ. ನಾನು ಒಂದ್ಸಲಾನೂ ತಲೆ ಎತ್ತಿ ನೋಡ್ಲಿಲ್ಲ. ಈಗ ನೋಡ್ಬೇಕು ಅನ್ಸತ್ತೆ. ಅವರನ್ನ ಕೇಳೋದು ಹೇಗೆ?"

ನನ್ನ ಹಿಂದೆ ಸಾರು ಉಕ್ಕುತ್ತಿತ್ತು. ಹುಡುಗರು ತಟ್ಟೆ ಬಡಿಯುತ್ತಿದ್ದರು.

"ಸ್ವಲ್ಪ ಈ ಕಡೆ ತಿರುಗು" ಎಂದಳು ಅಮ್ಮ. "ಹೂಂ, ಹಾಗೇ. ಈಗ ನಗು."